ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತಿದ್ದ ಪಿಟಿ100 ಸೆನ್ಸರನ್ನು ದಾರಿಗೆ ತಂದ ಬಗೆ

ಮುಚ್ಚಿದ ಪೆಟ್ಟಿಗೆಯೊಳಗಿನ ನಿಶ್ಚಲ ಗಾಳಿಯ ತಾಪವನ್ನು ಪಿಟಿ100 ಸೆನ್ಸರ್ (ತಾಪದೊಂದಿಗೆ ರೋಧ ಬದಲಾಗುವ ಪ್ಲಾಟಿನಮ್ ಸೆನ್ಸರು) ಮತ್ತು ಅದರ ರೋಧವನ್ನು ಅಳೆದು ಅಂಕಿಯಾಗಿಸುವ ಮ್ಯಾಕ್ಸ್31865 ಮಾಡ್ಯೂಲಿನಿಂದಲೇ ಡಿಗ್ರಿಯ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಹಿಡಿಯಬಹುದು ಎಂದು ನಾನು ಹೇಳಿದಾಗ ನಂಬಿದವರು ಕಡಿಮೆ. ಸೆನ್ಸರು ತನ್ನ ಕರೆಂಟಿನಿಂದಲೇ ಬಿಸಿಯಾಗುವುದು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ, ಹಾಗೆ ಆದರೂ ಪ್ರೋಗ್ರಾಮಿನಲ್ಲಿ ಒಂದು ಸ್ಥಿರ ಸಂಖ್ಯೆಯನ್ನು ಕಳೆದರೆ ಮುಗಿಯಿತು ಎಂಬುದೇ ಹೆಚ್ಚಿನವರ ಅಭಿಪ್ರಾಯವಾಗಿತ್ತು. ಆ ಎರಡೂ ಮಾತು ನನ್ನ ಪೆಟ್ಟಿಗೆಯಲ್ಲಿ ನಿಲ್ಲಲಿಲ್ಲ.

ತೊಂದರೆ ಬಹಳ ಕಾಲ ಅಡಗಿಕೊಂಡಿದ್ದಕ್ಕೆ ಕಾರಣ ಮಂಜುಗಡ್ಡೆ ನೀರಿನ ಪರೀಕ್ಷೆ. ಕಲಕುತ್ತಿರುವ ನೀರು ಸೆನ್ಸರಿನ ಬಿಸಿಯನ್ನು ಆಗಿಂದಾಗಲೇ ಎಳೆದುಕೊಳ್ಳುವುದರಿಂದ ಅಲ್ಲಿ ಸೊನ್ನೆ ಸೊನ್ನೆಯಾಗಿಯೇ ಕಾಣುತ್ತಿತ್ತು. ಅದೇ ಸೆನ್ಸರನ್ನು ಒರೆಸಿ 37 ಡಿಗ್ರಿಯ ಪೆಟ್ಟಿಗೆಯಲ್ಲಿ ತೂಗುಬಿಟ್ಟರೆ, ಪಕ್ಕದಲ್ಲಿಟ್ಟ ಪಾದರಸದ ಥರ್ಮಾಮೀಟರಿಗಿಂತ ಸುಮಾರು ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಲೆಕ್ಕ ಸರಳವಾಗಿದೆ: ಮಾಡ್ಯೂಲಿನ ಬಯಾಸ್ ವೋಲ್ಟೇಜು (ಸೆನ್ಸರಿನಲ್ಲಿ ಕರೆಂಟು ಹರಿಸುವ ವೋಲ್ಟೇಜು) ಸುಮಾರು 2 ವೋಲ್ಟ್, ಸೆನ್ಸರಿನೊಂದಿಗೆ ಸರಣಿಯಲ್ಲಿರುವ ಉಲ್ಲೇಖ ರೋಧ 430 ಓಮ್, ಆ ತಾಪದಲ್ಲಿ ಸೆನ್ಸರಿನ ರೋಧ 114 ಓಮ್, ಆದ್ದರಿಂದ ಹರಿಯುವ ಕರೆಂಟು ಮೂರೂಮುಕ್ಕಾಲು ಮಿಲಿಆಂಪಿಯರಿಗೆ ಹತ್ತಿರ, ಸೆನ್ಸರಿನಲ್ಲಿ ಬಿಸಿಯಾಗಿ ಹೋಗುವುದು ಸುಮಾರು 1.5 ಮಿಲಿವ್ಯಾಟ್. ಗಾಳಿಯಲ್ಲಿ ತೂಗುವ ಅಷ್ಟು ಸಣ್ಣ ಫಿಲ್ಮ್ ತುಣುಕಿಗೆ ಇದು ಕಡಿಮೆಯೇನಲ್ಲ.

ಮೊದಲು ಹಣ ಸುರಿದು ನೋಡಿದೆ. ಬಿ ದರ್ಜೆಯ ಸೆನ್ಸರಿಗೆ ಸೊನ್ನೆ ಡಿಗ್ರಿಯಲ್ಲಿ ಅನುಮತಿಸಿದ ದೋಷ ±0.3 ಡಿಗ್ರಿ, ಎ ದರ್ಜೆಗೆ ±0.15 ಎಂಬ ಭರವಸೆಯಿಂದ ಹಲವು ಪಟ್ಟು ಬೆಲೆ ತೆತ್ತು ಎ ದರ್ಜೆಯದನ್ನು ತರಿಸಿಕೊಂಡೆ. ಅದೂ ಅಷ್ಟೇ ನಿಷ್ಠೆಯಿಂದ ಅರ್ಧ ಡಿಗ್ರಿ ಹೆಚ್ಚು ತೋರಿಸಿತು. ನಾಲ್ಕು ತಂತಿಯ ಜೋಡಣೆ ತಂತಿಯ ರೋಧವನ್ನು ಕಳೆಯುತ್ತದೆಯೇ ಹೊರತು ಬಿಸಿಯನ್ನು ಮುಟ್ಟುವುದಿಲ್ಲ, ಆದ್ದರಿಂದ ಆ ಖರ್ಚೂ ನೀರುಪಾಲಾಯಿತು. ಸಣ್ಣ ಫ್ಯಾನು ಹಾಕಿದಾಗ ದೋಷ ಮೂರನೇ ಒಂದು ಭಾಗಕ್ಕಿಳಿದರೂ ಫ್ಯಾನಿನ ಮೋಟಾರೇ ಪೆಟ್ಟಿಗೆಯನ್ನು ಬಿಸಿ ಮಾಡತೊಡಗಿತು. ಸ್ಥಿರ ಸಂಖ್ಯೆಯನ್ನು ಕಳೆಯುವ ಉಪಾಯ, ಸೆನ್ಸರನ್ನು ಮೂಲೆಯಿಂದ ನಡುವಿಗೆ ಸರಿಸಿದ ದಿನವೇ ಕೈಕೊಟ್ಟಿತು; ಗಾಳಿ ಕೊಂಚ ಅಲುಗಿದರೂ ಕಳೆಯಬೇಕಾದ ಸಂಖ್ಯೆ ಬದಲಾಗುತ್ತದೆ.

ಕೊನೆಗೆ ಫಲ ಕೊಟ್ಟದ್ದು ಕರೆಂಟನ್ನು ಬಹುಪಾಲು ಹೊತ್ತು ನಿಲ್ಲಿಸುವ ಕ್ರಮ. ಮಾಡ್ಯೂಲಿನ ಚಿಪ್ಪನ್ನು ನಿರಂತರ ಅಳತೆಯ ಸ್ಥಿತಿಯಲ್ಲಿ ಬಿಡದೆ, ಹತ್ತು ಸೆಕೆಂಡಿಗೊಮ್ಮೆ ಬಯಾಸ್ ಹಚ್ಚಿ, ಇನ್‌ಪುಟ್ ಕೆಪಾಸಿಟರು ತುಂಬುವವರೆಗೆ ಕಾದು, ಒಂದೇ ಅಳತೆ ತೆಗೆದುಕೊಂಡು ಬಯಾಸ್ ಆರಿಸುತ್ತೇನೆ. ಮನೆಯ ವಿದ್ಯುತ್ತಿನ ಗದ್ದಲವನ್ನು ತಡೆಯುವ 50 ಹರ್ಟ್ಸ್ ಫಿಲ್ಟರಿನಲ್ಲಿ ಆ ಒಂದು ಅಳತೆಗೆ ಅರವತ್ತು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುವುದರಿಂದ, ಕಾಯುವ ಹೊತ್ತನ್ನು ಸೇರಿಸಿದರೂ ಸೆನ್ಸರಿಗೆ ಕರೆಂಟು ಸಿಗುವುದು ಒಟ್ಟು ಸಮಯದ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಉಳಿಯುವ ಬಿಸಿ ಡಿಗ್ರಿಯ ಸಾವಿರದ ಕೆಲವು ಭಾಗಗಳಷ್ಟು, ಅಂದರೆ ಚಿಪ್ಪು ಗುರುತಿಸಬಲ್ಲ ಅತಿ ಸಣ್ಣ ಅಂತರವಾದ 0.03 ಡಿಗ್ರಿಯ ಹೆಜ್ಜೆಯೊಳಗೆ ಮುಳುಗಿಹೋಗುವಷ್ಟು ಮಾತ್ರ. ಬಯಾಸ್ ಹಚ್ಚಿದ ಮೇಲೆ ಎಷ್ಟು ಕಾಯಬೇಕೆಂಬುದನ್ನು ನಾನು ಕಂಡುಕೊಂಡ ರೀತಿ ಮತ್ತು ಮೊದಲ ಅಳತೆಯನ್ನು ಯಾವಾಗ ಎಸೆಯಬೇಕೆಂಬ ನಿಯಮ ಸದ್ಯಕ್ಕೆ ನನ್ನಲ್ಲೇ ಇರಲಿ. ಡೇಟಾಶೀಟನ್ನು ತಾಳ್ಮೆಯಿಂದ ಓದುವವರಿಗೆ ಅರ್ಧ ದಾರಿ ಅಲ್ಲೇ ಸಿಗುತ್ತದೆ.

ಇಷ್ಟಾದರೂ ಅನುಮಾನ ಪಡುವವರಿದ್ದರು, ಆದ್ದರಿಂದ ಇನ್ನೊಂದು ದಾರಿಯಿಂದಲೂ ಸಾಬೀತು ಮಾಡಿದೆ. ಕರೆಂಟು ಪೂರ್ತಿ ಹೊತ್ತು ಹರಿಯುವಾಗಿನ ಸ್ಥಿರ ಅಳತೆಯನ್ನು ಒಮ್ಮೆ, ಅರ್ಧ ಹೊತ್ತು ಮಾತ್ರ ಹರಿಯುವಾಗಿನದನ್ನು ಇನ್ನೊಮ್ಮೆ ಬರೆದುಕೊಂಡು, ಅರ್ಧ ಹೊತ್ತಿಗೆ ಬಿಸಿಯೂ ಅರ್ಧವೇ ಆದ್ದರಿಂದ ಎರಡನೆಯದರ ಇಮ್ಮಡಿಯಿಂದ ಮೊದಲನೆಯದನ್ನು ಕಳೆದರೆ ಕರೆಂಟೇ ಇಲ್ಲದಿದ್ದರೆ ಸೆನ್ಸರು ತೋರಿಸಬೇಕಾದ ತಾಪ ಸಿಗುತ್ತದೆ. ಅಂದು 37.5 ಮತ್ತು 37.25 ಬಂದಿದ್ದವು ಎಂದು ನೆನಪು, ಉತ್ತರ 37.0, ಬಿಟ್ಟುಬಿಟ್ಟು ಅಳೆದಾಗ ಬಂದದ್ದೂ ಹೆಚ್ಚುಕಡಿಮೆ ಅದೇ. ಈ ಲೆಕ್ಕದಲ್ಲಿ ಅಳತೆಯ ಅಲುಗಾಟ ಎರಡು ಪಟ್ಟಿಗಿಂತ ಹೆಚ್ಚಾಗುವುದರಿಂದ ಸರಾಸರಿಗೆ ಸುಮಾರು ಐದು ಪಟ್ಟು ಅಳತೆಗಳು ಬೇಕು, ಹಾಗಾಗಿ ಇದನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಂಡಿದ್ದೇನೆ.

ನಿರಂತರ ಅಳತೆಯೇ ಬೇಕೆನ್ನುವವರು ಹತ್ತು ಪಟ್ಟು ರೋಧದ ಪಿಟಿ1000 ಸೆನ್ಸರನ್ನೂ 4.3 ಕಿಲೋಓಮ್ ಉಲ್ಲೇಖ ರೋಧವನ್ನೂ ಹಾಕಿಕೊಂಡರೆ ಬಿಸಿ ಹತ್ತನೇ ಒಂದು ಭಾಗಕ್ಕಿಳಿಯುತ್ತದೆ. ಆದರೆ ತಾಪಕ್ಕೆ ಅಲುಗದ ಒಳ್ಳೆಯ ರೋಧಕಕ್ಕೆ ಮಾಡ್ಯೂಲಿಗಿಂತ ಹೆಚ್ಚು ತೆರಬೇಕಾದೀತು. 10 ಕಿಲೋಓಮ್ ಥರ್ಮಿಸ್ಟರನ್ನು (ತಾಪದೊಂದಿಗೆ ರೋಧ ಬದಲಾಗುವ ಇನ್ನೊಂದು ಬಗೆಯ ಸೆನ್ಸರು) ಅಷ್ಟೇ ರೋಧದ ಜೊತೆ 5 ವೋಲ್ಟಿಗೆ ಸದಾ ಕಟ್ಟಿಡುವವರಿಗೂ ಇದೇ ಕಾಯಿಲೆ: 25 ಡಿಗ್ರಿಯಲ್ಲಿ ಅದರಲ್ಲಿ 0.6 ಮಿಲಿವ್ಯಾಟಿಗಿಂತ ತುಸು ಹೆಚ್ಚು ಬಿಸಿಯಾಗುತ್ತದೆ, ಸಣ್ಣ ಮಣಿಯಾದರೆ ದೋಷ ಡಿಗ್ರಿಯ ಮೂರನೇ ಒಂದು ಭಾಗವನ್ನು ಸುಲಭವಾಗಿ ಮುಟ್ಟುತ್ತದೆ. ಅದನ್ನು ಮೈಕ್ರೋಕಂಟ್ರೋಲರಿನ ಒಂದು ಪಿನ್ನಿನಿಂದ ಹಚ್ಚಿ ಆರಿಸಿದರೆ ಖರ್ಚಿಲ್ಲದೆ ಮುಗಿಯುತ್ತದೆ.

ಈ ನಡುವೆ ಕುತೂಹಲಕ್ಕೆಂದು ದೋಷವನ್ನೇ ದುಡಿಸಿಕೊಂಡೂ ನೋಡಿದೆ. ನಿರಂತರ ಅಳತೆಗೂ ಬಿಟ್ಟುಬಿಟ್ಟು ತೆಗೆದ ಅಳತೆಗೂ ಇರುವ ಅಂತರ ಗಾಳಿಯ ಚಲನೆ ಹೆಚ್ಚಿದಂತೆ ಕುಗ್ಗುವುದರಿಂದ, ಪೆಟ್ಟಿಗೆಯ ಬಾಗಿಲಿನ ರಬ್ಬರು ಸಡಿಲವಾಗಿ ಗಾಳಿ ನುಸುಳುತ್ತಿದ್ದದ್ದು ಆ ಅಂತರದಲ್ಲೇ ಮೊದಲು ಕಂಡಿತು. ಬಿರುಸಾದ ಗಾಳಿಯಲ್ಲಿ ಮಾತ್ರ ಅಂತರ ಅಲುಗಾಟದಲ್ಲಿ ಕಳೆದುಹೋಗುತ್ತದೆ. ಅಲ್ಲಿಗೆ ಕರೆಂಟು ಹೆಚ್ಚಿಸಿದ ಬೇರೆಯದೇ ಸೆನ್ಸರು ಬೇಕು.