ಟೈಲ್ಸ್ ಒಡೆಯುವ ಮೊದಲು ಗೇಜ್ ನೋಡಿ

ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಒದ್ದೆ ಕಲೆ ಕಂಡರೆ ಸಾಕು, ಸೊಸೈಟಿ ಮೀಟಿಂಗ್‌ನಲ್ಲಿ ಮೇಲಿನ ಮನೆಯವರೇ ಅಪರಾಧಿಗಳು. ಮುಂಬೈಯ ಡೊಂಬಿವಲಿ, ಮುಲುಂಡ್ ಕಡೆಯ ಹಳೇ ಕಟ್ಟಡಗಳಲ್ಲಿ ಇದು ಮಾಮೂಲಿ ಜಗಳ. ಪ್ಲಂಬರ್ ಬಂದು ಗೋಡೆ ತಟ್ಟಿ, "ಇಲ್ಲೇ" ಅಂತ ಟೈಲ್ಸ್ ಒಡೆಯುತ್ತಾನೆ. ಒಳಗೆ ಪೈಪ್ ಒಣಗಿರುತ್ತದೆ! ಪೈಪಿನೊಳಗೆ ನೀರು ಒತ್ತುವ ಒಂದು ಹ್ಯಾಂಡ್ ಪಂಪು, ಒತ್ತಡ ತೋರಿಸುವ ಒಂದು ಗೇಜ್ ಇದ್ದರೆ ಈ ಊಹೆಯ ಆಟ ಬೇಕಿಲ್ಲ. ಬಾಯಿಗಳನ್ನೆಲ್ಲ ಮುಚ್ಚಿ ಒತ್ತಿ, ಪೈಪ್ ಸೋರುತ್ತಿದ್ದರೆ ಗೇಜಿನ ಮುಳ್ಳು ಇಳಿಯುತ್ತದೆ.

ಪಂಪನ್ನು ಬಾಡಿಗೆಗೆ ತನ್ನಿ, ಗೇಜನ್ನು ಮಾತ್ರ ಕೊಂಡುಕೊಳ್ಳಿ. ಮುಂಬೈಯ ನಾಗದೇವಿ ಸ್ಟ್ರೀಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಗ್ಲಿಸರಿನ್ ತುಂಬಿದ, ದೊಡ್ಡ ಮುಖದ, 0ಯಿಂದ 10 ಕೆ.ಜಿ. (ಅಂದರೆ ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಒತ್ತಡ) ತೋರಿಸುವುದೇ ಬೇಕು. 25 ಕೆ.ಜಿ.ಯದ್ದನ್ನು ಅಂಗಡಿಯವನು ದಾಟಿಸಲು ನೋಡುತ್ತಾನೆ. ಅದರಲ್ಲಿ ಸಣ್ಣ ಇಳಿತ ಕಣ್ಣಿಗೇ ಬೀಳುವುದಿಲ್ಲ.

ಮನೆಯ ಮೇನ್ ವಾಲ್ವ್ ಮುಚ್ಚಿ. ಗೀಸರ್ ಬಿಚ್ಚಿ, ಅದರ ಎರಡು ಬಾಯಿಗಳ ನಡುವೆ ಪೈಪ್ ತುಂಡು ಜೋಡಿಸಿ. ನಳಗಳನ್ನೂ ಫ್ಲಷ್ ಟ್ಯಾಂಕಿನ ಲೈನನ್ನೂ ತೆಗೆದು ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ. ಶವರ್ ಬಾಯಿ ಒಂದು ಮಾತ್ರ ಸದ್ಯಕ್ಕೆ ತೆರೆದಿರಲಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಪೈಪಿನಲ್ಲಿ ಗಾಳಿ ಉಳಿದರೆ ಪರೀಕ್ಷೆ ಪೂರ್ತಿ ದಂಡ. ನೀರು ಕುಗ್ಗುವುದಿಲ್ಲ, ಹಾಗಾಗಿ ಸ್ವಲ್ಪವೇ ನೀರು ಸೋರಿದರೂ ಮುಳ್ಳು ಸರ್ರನೆ ಇಳಿಯುತ್ತದೆ. ಗಾಳಿ ಸ್ಪ್ರಿಂಗ್ ಥರ ಹಿಗ್ಗಿ ಆ ಇಳಿತವನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಪಂಪನ್ನು ಕೆಳಗಿನ ನಳದ ಜಾಗಕ್ಕೆ ಕಟ್ಟಿ, ನಿಧಾನಕ್ಕೆ ನೀರು ತುಂಬಿ. ಶವರ್ ಬಾಯಿಯಿಂದ ಬುಸುಬುಸು ನಿಂತು ಒಂದೇ ಧಾರೆ ಬಂದ ಮೇಲೆ ಅದಕ್ಕೂ ಡಮ್ಮಿ ಹಾಕಿ.

ಎಷ್ಟು ಒತ್ತಬೇಕು? ಟೆರೇಸ್ ಟ್ಯಾಂಕ್ ನಿಮ್ಮ ನಳಕ್ಕಿಂತ 10 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಕೆ.ಜಿ. ಅದರ ಒಂದೂವರೆ ಪಟ್ಟು ಸಾಕು. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಧೈರ್ಯ ತೋರಿಸಲು ಹೋಗಬೇಡಿ, ಇಲ್ಲದ ತೂತು ಹುಟ್ಟುತ್ತದೆ. ಕಂಪ್ರೆಸರ್ ಗಾಳಿಯಿಂದ ಬೇಗ ಮುಗಿಸುತ್ತೇನೆ ಅನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಪ್ಲಾಸ್ಟಿಕ್ ಪೈಪ್ ಒಡೆದರೆ ಚೂರುಗಳು ಸಿಡಿಯುತ್ತವೆ.

ಒತ್ತಿದ ತಕ್ಷಣ ಗಡಿಯಾರ ನೋಡಬೇಡಿ. ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪ್ ಮೊದಲು ಸ್ವಲ್ಪ ಹಿಗ್ಗುತ್ತದೆ, ಮುಳ್ಳು ಸುಮ್ನೆ ಇಳಿಯುತ್ತದೆ. ಕಾಲು ಗಂಟೆ ಬಿಟ್ಟು ಮತ್ತೆ ಒತ್ತಿ, ಅಲ್ಲಿಂದ ಎರಡು ಗಂಟೆ ಲೆಕ್ಕ ಹಿಡಿಯಿರಿ. ಈ ಕೆಲಸಕ್ಕೆ ಬೆಳಿಗ್ಗೆಯೇ ಸರಿ. ಮಧ್ಯಾಹ್ನ ಟ್ಯಾಂಕಿನ ಬಿಸಿನೀರು ಪೈಪಿನಲ್ಲಿ ತಣಿದರೂ ಮುಳ್ಳು ಇಳಿಯುತ್ತದೆ, ಅಲ್ವಾ?

ಮುಳ್ಳು ಇಳಿದು ಎಲ್ಲಿ ನಿಂತಿತು ಅನ್ನುವುದನ್ನೂ ನೋಡಿ. ಟ್ಯಾಂಕಿನ ಒತ್ತಡಕ್ಕೆ ಬಂದು ನಿಂತರೆ ಮೇನ್ ವಾಲ್ವೇ ಪಾಸ್ ಆಗುತ್ತಿದೆ, ಅಂದರೆ ಮುಚ್ಚಿದ್ದರೂ ನೀರು ಬಿಡುತ್ತಿದೆ, ಪೈಪನ್ನು ಬಯ್ಯಬೇಡಿ. ಅದನ್ನೂ ದಾಟಿ ಇಳಿದರೆ ಸೋರಿಕೆ ಖಚಿತ. ಡಮ್ಮಿಗಳ ಸುತ್ತ ಟಿಶ್ಯೂ ಒತ್ತಿ ನೋಡಿ, ಒಣಗಿದ್ದರೆ ಬಿಸಿನೀರು, ತಣ್ಣೀರಿನ ಲೈನುಗಳನ್ನು ಬೇರೆ ಬೇರೆ ಮಾಡಿ ಮತ್ತೆ ಒತ್ತಿ. ಮುಳ್ಳು ಯಾವ ಲೈನಿನಲ್ಲಿ ಇಳಿಯುತ್ತದೋ ಅದನ್ನು ಮತ್ತೆ ಅರ್ಧರ್ಧ ಮಾಡಿ ಒತ್ತಿ. ಒಡೆಯುವ ಟೈಲ್ಸ್ ಹಾಗೇ ಕಡಿಮೆಯಾಗುತ್ತವೆ.

ಮುಳ್ಳು ಅಲ್ಲಾಡಲೇ ಇಲ್ಲವೇ? ಹಾಗಾದರೆ ನೀರು ಇಳಿಯುತ್ತಿರುವುದು ನೆಲದಿಂದ ಅಥವಾ ಡ್ರೈನೇಜ್‌ನಿಂದ, ಅಲ್ಲಿ ಒತ್ತಡದ ಪರೀಕ್ಷೆ ನಡೆಯದು. ನಹಾನಿ ಟ್ರ್ಯಾಪಿಗೆ (ಬಾತ್‌ರೂಮ್ ನೆಲದ ನೀರು ಹೋಗುವ ಬಾಯಿಗೆ) ಬಟ್ಟೆ ತುರುಕಿ, ಬಾತ್‌ರೂಮಿನಲ್ಲಿ ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಿ ಬನ್ನಿ.