ಡೈವೋರ್ಸ್ ಆಯ್ತು, ಕಾರಿನ ಆರ್‌ಸಿ ಮಾತ್ರ ಇನ್ನೂ ಅವರ ಹೆಸರಲ್ಲೇ ಇದೆಯಾ?

ಪುಣೆಯ ಶಿವಾಜಿನಗರದ ಫ್ಯಾಮಿಲಿ ಕೋರ್ಟಲ್ಲಿ ಡಿಕ್ರಿ, ಅಂದ್ರೆ ಡೈವೋರ್ಸಿನ ಆದೇಶ, ಕೈಗೆ ಬಂದಾಗ ನಮ್ಮಕ್ಕ ಎಲ್ಲಾ ಮುಗೀತು ಅಂದ್ಕೊಂಡಿದ್ಲು. ಕಾರು ಅವಳ ಪಾಲಿಗೆ ಬಂದಿತ್ತು, ಆದ್ರೆ ಆರ್‌ಸಿಲಿ ಹೆಸರು ಮಾಜಿ ಗಂಡಂದೇ, ಕೊನೆಗೆ ಒಂದು ಸಹಿಗೋಸ್ಕರ ಮತ್ತೆ ಆತನ ಬಾಗಿಲಿಗೇ ಹೋಗ್ಬೇಕಾಯ್ತು. ಕೋರ್ಟು ಗಾಡಿ ಯಾರದು ಅಂತ ಹೇಳಿದ್ರೂ ಆರ್‌ಟಿಒ ದಾಖಲೆ ತಾನಾಗೇ ಬದಲಾಗಲ್ಲ, ನಾವೇ ಮಾಡಿಸ್ಬೇಕು.

ಅದಕ್ಕೇ ಪುಣೆಲಿರೋ ನಮ್ಮೋರಿಗೆ ಹೇಳೋದು, ಇಬ್ಬರೂ ಒಪ್ಪಿ ತಗೊಳ್ಳೋ ಮ್ಯೂಚುವಲ್ ಡೈವೋರ್ಸ್ ಆಗಿದ್ರೆ ಕನ್ಸೆಂಟ್ ಟರ್ಮ್ಸ್‌ನಲ್ಲೇ (ಕೋರ್ಟಿಗೆ ಕೊಡೋ ಒಪ್ಪಂದದ ಷರತ್ತುಗಳು) ಗಾಡಿ ನಂಬರು, ಚಾಸಿ ನಂಬರು, ಕಾರು ಯಾರಿಗೆ, ಉಳಿದ ಲೋನ್ ಯಾರು ಕಟ್ಟೋದು ಎಲ್ಲಾ ಬರೆಸಿ, ಅದಕ್ಕೆ ಸಹಿ ಹಾಕೋ ದಿನವೇ ಗಾಡಿ ಹೆಸರು ಬದಲಾವಣೆಯ ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30 ತುಂಬಿ ಅದಕ್ಕೂ ಇಬ್ಬರ ಸಹಿ ಮಾಡಿಸ್ಕೊಂಡ್ಬಿಡಿ. ಆಮೇಲೆ ಮಾಡಿದ್ರಾಯ್ತು ಅಂತ ಬಿಡ್ಬೇಡಿ, ಆಮೇಲೆ ಫೋನೇ ಎತ್ತಲ್ಲ.

ಲೋನ್ ತೀರಿದ್ರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ತಗೊಂಡು ಹೈಪಾಥಿಕೇಶನ್ (ಆರ್‌ಸಿಲಿ ಬರೆದಿರೋ ಬ್ಯಾಂಕ್ ಸಾಲದ ನಮೂದು) ತೆಗೆಸಿ, ತೀರಿಲ್ಲ ಅಂದ್ರೆ ಬ್ಯಾಂಕ್ ಒಪ್ಪದೆ ಮುಂದೆ ಹೋಗಲ್ಲ.

ಆಮೇಲೆ ಸರ್ಕಾರದ ಪರಿವಾಹನ್ ಪೋರ್ಟಲಲ್ಲಿ ಅರ್ಜಿ ಹಾಕಿ ಫೀಸ್ ಕಟ್ಟಿ. ಒರಿಜಿನಲ್ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಪಿಯುಸಿ, ವಿಳಾಸದ ದಾಖಲೆ, ಪ್ಯಾನ್, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು, ಜೊತೆಗೆ ಡಿಕ್ರಿಯ ಸರ್ಟಿಫೈಡ್ ಕಾಪಿ ಇಟ್ಕೊಳ್ಳಿ. ಬಾಕಿ ಇ-ಚಲನ್ ಇದ್ರೆ ಮೊದ್ಲು ತೀರಿಸಿ. ಎಂಎಚ್ 12 ಗಾಡಿಗೆ ಸಂಗಮ ಬ್ರಿಜ್ ಹತ್ರದ ಆಫೀಸು, ಎಂಎಚ್ 14 ಆದ್ರೆ ಪಿಂಪ್ರಿ-ಚಿಂಚವಾಡದ್ದು. ಊರಿಂದ ತಂದ ಕೆಎ 22, ಕೆಎ 25 ಗಾಡಿನ ಇಲ್ಲಿಗೆ ಮಾಡಿಸೋದಾದ್ರೆ ಮೊದ್ಲು ಬೆಳಗಾವಿ, ಧಾರವಾಡದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಮಹಾರಾಷ್ಟ್ರದ ಟ್ಯಾಕ್ಸೂ ಕಟ್ಬೇಕು.

ಹೆಸರು ಬಿಟ್ಟುಕೊಡೋರು ಇದನ್ನ ಹಗುರವಾಗಿ ತಗೋಬೇಡಿ. ಗಾಡಿ ಅವರ ಹತ್ರ, ಆರ್‌ಸಿ ನಿಮ್ಮ ಹೆಸರಲ್ಲಿ ಇದ್ದಾಗ ಆಕ್ಸಿಡೆಂಟ್ ಆದ್ರೆ ಪರಿಹಾರದ ಕೇಸು ನಿಮ್ಮ ತಲೆಗೇ ಬರುತ್ತೆ, ರಿಜಿಸ್ಟರಲ್ಲಿ ಹೆಸರಿರೋರೇ ಓನರ್ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಎದುರಿನವರು ಸಹಿನೇ ಹಾಕಲ್ಲ ಅಂದ್ರೆ? ವಾದ ಮಾಡ್ತಾ ಕೂರ್ಬೇಡಿ. ಡಿಕ್ರಿಲಿ ಗಾಡಿ ವರ್ಗಾಯಿಸಿ ಕೊಡ್ಬೇಕು ಅಂತ ಸರಿಯಾಗಿ ಬರೆಸಿದ್ರೆ ವಕೀಲರ ಮೂಲಕ ಡಿಕ್ರಿ ಜಾರಿ ಮಾಡಿಸೋ ಎಕ್ಸಿಕ್ಯೂಶನ್ ಅರ್ಜಿ ಹಾಕಿ, ಅವರು ಹಾಕ್ಬೇಕಾದ ಸಹಿನ ಅವರ ಪರವಾಗಿ ಕೋರ್ಟೇ ಹಾಕಿಸೋಕೆ ಸಿವಿಲ್ ಪ್ರೊಸೀಜರ್ ಕೋಡ್‌ನಲ್ಲಿ ದಾರಿ ಇದೆ.

ಆರ್‌ಸಿ ಮೊದಲಿಂದ ನಿಮ್ಮದೇ ಆಗಿದ್ರೂ ನಾಮಿನಿ ಯಾರು ಅಂತ ನೋಡಿ. 2021ರ ನಿಯಮದಿಂದ ಆರ್‌ಸಿಲೇ ನಾಮಿನಿ ಹೆಸರು ಇರ್ಬಹುದು, ಡೈವೋರ್ಸ್ ಆದ್ಮೇಲೆ ಅದನ್ನ ಬದಲಿಸೋಕೂ ಅವಕಾಶ ಇದೆ.

ಆರ್‌ಸಿ ನಿಮ್ಮ ಹೆಸರಿಗೆ ಬರೋ ಹಾಗಿದ್ರೆ ವರ್ಗಾವಣೆ ಆದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಹಳೆ ಓನರ್ ಜೊತೆನೇ ಹೋಗುತ್ತೆ. ಗಾಜಿನ ಮೇಲಿನ ಹಳೆ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ ಹೊಸದು ಹಾಕಿಸಿ, ಇಲ್ಲಾಂದ್ರೆ ನೀವು ಎಕ್ಸ್‌ಪ್ರೆಸ್‌ವೇ ಟೋಲ್ ದಾಟಿದ ಮೆಸೇಜು ಪ್ರತಿ ಸಲ ಅವರ ಫೋನಿಗೇ ಹೋಗ್ತಿರುತ್ತೆ.