ಅಮ್ಮನ ಮೊಬೈಲ್‌ಗೆ ಕರೆಯೇ ಬಾರದಾದಾಗ
ಶಿರಸಿಯಲ್ಲಿರುವ ಅಮ್ಮನ ಮೊಬೈಲ್ ಎರಡು ದಿನ ರಿಂಗ್ ಆಗಲಿಲ್ಲ. ಅವರು ಮಾಡಿದ ಕರೆ ಮಾತ್ರ ಹೋಗುತ್ತಿತ್ತು. ತೋಟದ ಮನೆ, ಸಿಗ್ನಲ್ ಇರಲಿಕ್ಕಿಲ್ಲ ಎಂದುಕೊಂಡೆವು. ಸಿಮ್ ತೆಗೆದು ಹಾಕಿದ್ದು, ಫೋನ್ ಆರಿಸಿ ಹಚ್ಚಿದ್ದು ಎಲ್ಲವೂ ವ್ಯರ್ಥ. ಕೇಳಿದಾಗ ತಿಳಿಯಿತು: ‘ಮೊಬೈಲ್ ಕಂಪನಿಯಿಂದ, ನಿಮ್ಮ ಸಿಮ್ ಬಂದ್ ಆಗುತ್ತದೆ’ ಎಂದವನ ಮಾತು ನಂಬಿ *21*, ಅವನು ಹೇಳಿದ ಹತ್ತಂಕಿಯ ಮೊಬೈಲ್ ಸಂಖ್ಯೆ, ಕೊನೆಗೆ # ಒತ್ತಿದ್ದರು. ಅಮ್ಮನಿಗೆ ಬರುವ ಕರೆಯೆಲ್ಲ ಆ ಸಂಖ್ಯೆಗೆ ತಿರುಗಿತ್ತು. ಅವನನ್ನು ಬ್ಲಾಕ್ ಮಾಡಿದರೂ ಫಲವಿಲ್ಲ. ಕರೆ ತಿರುಗುವುದು ನೆಟ್‌ವರ್ಕ್‌ನಲ್ಲಿ, ಫೋನಿನಲ್ಲಲ್ಲ.

ಹೀಗಾದರೆ ಮೊದಲು *#21# ಒತ್ತಿ, ಕರೆ ಎಲ್ಲಿಗೆ ತಿರುಗುತ್ತಿದೆ ನೋಡಿ. ಅಪರಿಚಿತ ಸಂಖ್ಯೆ ಕಂಡರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಂತರ ##002# ಒತ್ತಿದರೆ ಎಲ್ಲ ಬಗೆಯ ಕರೆ ವರ್ಗಾವಣೆ ರದ್ದಾಗುತ್ತದೆ. ಮತ್ತೊಮ್ಮೆ *#21# ನೋಡಲೇಬೇಕು. ಕೆಲವು ಕಂಪನಿಗಳ ಕೋಡ್ ಬೇರೆ. ಆಗ ಗ್ರಾಹಕ ಸೇವೆಯಿಂದಲೇ ರದ್ದು ಮಾಡಿಸಿ. ವಾಟ್ಸಾಪ್ ಒಟಿಪಿ ಕರೆಯಲ್ಲೂ ಬರುವುದರಿಂದ ಅದು ವಂಚಕನಿಗೆ ಸಿಗಬಹುದು; ಅಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿ. ವಂಚಕ ಕರೆಯ ದೂರು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದ ‘ಚಕ್ಷು’ ವಿಭಾಗಕ್ಕೆ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.